ಆಟ ಜಗತ್ತಿಗೆ, ಕುದುರೆ ಎಲ್ಲಿಗೆ?

ಪೋಲೊ ಅಂದ್ರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗೋದು ಟೀ ಶರ್ಟಿನ ಮೇಲಿನ ಚಿಹ್ನೆ, ಇಲ್ಲಾಂದ್ರೆ ಶ್ರೀಮಂತರ ಆಟ ಅನ್ನೋ ಮಾತು. ಆದರೆ ಇವತ್ತಿನ ಪೋಲೊ ಹುಟ್ಟಿದ್ದು ನಮ್ಮದೇ ದೇಶದ ಮಣಿಪುರದ ಆಟದಿಂದ, ಅಲ್ಲಿನ ಒಂದು ಗಿಡ್ಡ ಕುದುರೆಯ ಬೆನ್ನ ಮೇಲೆ. ಈ ಸಲ ಆ ಕುದುರೆಯ ಮೂಲ ತಿಳಿದುಕೊಳ್ಳೋಣ.

ಎಷ್ಟು ಗಿಡ್ಡ?

ಕುದುರೆಯ ಎತ್ತರವನ್ನು ನೆಲದಿಂದ ಹೆಗಲವರೆಗೆ ‘ಹ್ಯಾಂಡ್’ ಲೆಕ್ಕದಲ್ಲಿ ಅಳೀತಾರೆ. ಒಂದು ಹ್ಯಾಂಡ್ ಅಂದ್ರೆ 4 ಅಂಗುಲ, ನಮ್ಮ ಗೇಣಿನ ಅರ್ಧಕ್ಕಿಂತ ಕಮ್ಮಿ. ಮಣಿಪುರಿ ಕುದುರೆ 11ರಿಂದ 13 ಹ್ಯಾಂಡ್, ಅಂದರೆ 44ರಿಂದ 52 ಅಂಗುಲ. ನಮ್ಮ ಎದೆ ಮಟ್ಟ ಅಂತಿಟ್ಟುಕೊಳ್ಳಿ. ಗಾತ್ರ ಚಿಕ್ಕದಾದ್ರೂ ಗಟ್ಟಿಮುಟ್ಟು. ಓಡುತ್ತಿರುವಾಗಲೇ ಗಕ್ಕನೆ ನಿಂತು ತಿರುಗಬಲ್ಲದು.

ಮೂಲ

ಮಂಗೋಲಿಯಾ ಕಡೆಯ ಕುದುರೆಗೂ ಅರಬ್ಬಿ ಕುದುರೆಗೂ ಆದ ಬೆರಕೆ ಇದು ಅಂತ ಸಾಮಾನ್ಯವಾಗಿ ಹೇಳ್ತಾರೆ. ಮೈತೇಯಿ ಜನರ ಐತಿಹ್ಯ ಬೇರೆಯೇ: ಮಾರ್ಜಿಂಗ್ ದೇವರ ರೆಕ್ಕೆಯುಳ್ಳ ಕುದುರೆ ಸಮಾದೋನ್ ಅಯಾಂಗ್ಬಾನ ವಂಶ ಇದು. 18ನೇ ಶತಮಾನದಲ್ಲಿ ಪಾಮ್‌ಹೈಬಾ ರಾಜ ಬರ್ಮಾದ ಮೇಲೆ ದಂಡೆತ್ತಿ ಹೋದ ಕಾಲದಲ್ಲಿ ಮಣಿಪುರದ ಅಶ್ವದಳಕ್ಕೆ ದೊಡ್ಡ ಹೆಸರಿತ್ತು. ‘ಅರಂಬಾಯ್’ ಎಂಬ ಎಸೆಯುವ ಬಾಣ ಅವರ ಆಯುಧ.

ಯುದ್ಧದ ಈ ಕುದುರೆಯೇ ಆಟಕ್ಕೂ ಬಂತು. ಆಟದ ಹೆಸರು ‘ಸಗೋಲ್ ಕಾಂಗ್‌ಜೈ’. ಸಗೋಲ್ ಅಂದ್ರೆ ಕುದುರೆ. ತಂಡಕ್ಕೆ ಏಳು ಜನ, ಬಿದಿರಿನ ಬೇರಿನ ಚೆಂಡು. ಗೋಲು ಕಂಬ ಇಲ್ಲವೇ ಇಲ್ಲ, ಚೆಂಡು ಎದುರಾಳಿಯ ಕೊನೆಯ ಗೆರೆ ದಾಟಿದ್ರೆ ಸಾಕು.

ಆಟ ಹೊರಟಿತು

ಅಸ್ಸಾಮಿನ ಕಾಛಾರ್‌ನಲ್ಲಿದ್ದ ಮಣಿಪುರಿಗಳು ಆಡೋದನ್ನು ಬ್ರಿಟಿಷರು ನೋಡಿದರು. ಜೋಸೆಫ್ ಷೆರರ್ ಮತ್ತು ರಾಬರ್ಟ್ ಸ್ಟೀವರ್ಟ್ 1859ರಲ್ಲಿ ಸಿಲ್ಚಾರಿನಲ್ಲಿ ಕ್ಲಬ್ ಕಟ್ಟಿದರು. 1862ರಲ್ಲಿ ಕಲ್ಕತ್ತಾ ಕ್ಲಬ್, 1869ರ ಹೊತ್ತಿಗೆ ಇಂಗ್ಲೆಂಡ್. ‘ಪೋಲೊ’ ಅನ್ನೋ ಹೆಸರು ಮಾತ್ರ ಬಾಲ್ಟಿ ಭಾಷೆಯ ‘ಪುಲು’ ಪದದಿಂದ ಬಂದದ್ದು, ಅಂದರೆ ಚೆಂಡು.

ಇಲ್ಲೇ ಕತೆಯ ತಿರುವು. ಮೊದಮೊದಲು ಪೋಲೊ ಕುದುರೆ ಇಷ್ಟೇ ಎತ್ತರ ಇರಬೇಕು ಅಂತ ಮಿತಿ ಇತ್ತು. ವೇಗದ ಆಸೆಗೆ ಮಿತಿ ಏರುತ್ತಾ ಹೋಯ್ತು, ಮೊದಲ ಮಹಾಯುದ್ಧದ ನಂತರ ಪೂರ್ತಿ ಹೋಯ್ತು. ಈಗ ದೊಡ್ಡ ಪಂದ್ಯಗಳಲ್ಲಿ ಓಡೋದು ಸುಮಾರು 15 ಹ್ಯಾಂಡಿನ ಕುದುರೆಗಳು. ಅದರಲ್ಲಿ ಅರ್ಜೆಂಟೀನಾದ್ದು ಹೆಸರುವಾಸಿ. ಕರೆಯೋದು ಮಾತ್ರ ಇನ್ನೂ ‘ಪೋಲೊ ಪೋನಿ’ ಅಂತಲೇ! ಆಟ ಕಲಿಸಿದ ಕುದುರೆಗೆ ಆ ಅಂಗಳದಲ್ಲಿ ಜಾಗ ಉಳೀಲಿಲ್ಲ.

ಈಗ?

2003ರ ಜಾನುವಾರು ಗಣತಿಯಲ್ಲಿ 1,898 ಇದ್ದ ಮಣಿಪುರಿ ಕುದುರೆಗಳು 2012ಕ್ಕೆ 1,101ಕ್ಕೆ ಇಳಿದವು. ಒಂಬತ್ತೇ ವರ್ಷದಲ್ಲಿ ನೂರಕ್ಕೆ 42 ಕಮ್ಮಿ. ಕಾರಣ ಸರಳ. ಈ ಕುದುರೆಗಳನ್ನು ಲಾಯದಲ್ಲಿ ಕಟ್ಟಿ ಸಾಕೋದು ಕಮ್ಮಿ; ಮೇಯೋಕೆ ಬಿಟ್ಟು, ಆಟಕ್ಕೆ ಬೇಕಾದಾಗ ಹಿಡಿದು ತರೋದು ವಾಡಿಕೆ. ಅವು ಮೇಯುತ್ತಿದ್ದ ಇಂಫಾಲದ ಲಾಂಫೆಲ್‌ಪಾಟ್‌ನಂಥ ಜೌಗು ನೆಲಗಳ ಮೇಲೆ ಕಟ್ಟಡಗಳೆದ್ದವು. ಹುಲ್ಲು ಹೋದ ಮೇಲೆ ಕುದುರೆ ರಸ್ತೆಗೆ ಬಂತು. ಕಸದ ಜೊತೆ ಪ್ಲಾಸ್ಟಿಕ್ ತಿಂತು, ವಾಹನಗಳಿಗೆ ಸಿಕ್ತು.

ಸಂಖ್ಯೆ ಇಳಿದಾಗ ಇನ್ನೊಂದು ಅಪಾಯ: ಹತ್ತಿರದ ರಕ್ತದಲ್ಲೇ ಮರಿ ಹುಟ್ಟುತ್ತಾ ತಳಿ ಬಲಹೀನವಾಗುತ್ತೆ. ದೊಡ್ಡ ಕುದುರೆಯ ಜೊತೆ ಬೆರಕೆ ಮಾಡಿದ್ರೆ ಸಂಖ್ಯೆ ಹೆಚ್ಚಬಹುದು, ತಳಿ ಉಳಿಯಲ್ಲ. 2013ರಲ್ಲಿ ಮಣಿಪುರ ಸರ್ಕಾರ ಇದನ್ನು ಅಳಿವಿನಂಚಿನ ತಳಿ ಅಂತ ಘೋಷಿಸಿತು.

2023ರಲ್ಲಿ ಇಂಫಾಲದ ಹತ್ತಿರ ಹೈಂಗಾಂಗ್‌ನಲ್ಲಿ ಕುದುರೆಯೇರಿದ ಪೋಲೊ ಆಟಗಾರನ ಸುಮಾರು 120 ಅಡಿಯ ಪ್ರತಿಮೆ ನಿಂತಿದೆ. ಹೆಮ್ಮೆಯ ವಿಷಯವೇ. ಆದರೆ ಪ್ರತಿಮೆಗೆ ಹುಲ್ಲು ಬೇಡ, ಕುದುರೆಗೆ ಬೇಕು. ತಳಿ ಉಳಿಸೋದು ಅಂದ್ರೆ ಮೊದಲು ಅದರ ಹುಲ್ಲುಗಾವಲು ಉಳಿಸೋದು. ಈ ಪಾಠವನ್ನು ನಾವು, ನಾಳೆ ಕಟ್ಟಡ ಕಟ್ಟೋರು, ರಸ್ತೆ ಹಾಕೋರು, ಈಗಲೇ ನೆನಪಿಟ್ಟುಕೊಂಡ್ರೆ ಒಳ್ಳೇದು ಅಲ್ವಾ?