ಎಂಟು ಅಡ್ಡಸಾಲು, ಎಂಟು ಕಂಬಸಾಲು: ಹಳೆಯ ಕಂಪ್ಯೂಟರಿಗೊಂದು ಪ್ರವೇಶ

ಹಳೆಯ ಕಂಪ್ಯೂಟರುಗಳ ಮೇಲೆ ಯಾಕಿಷ್ಟು ಮೋಹ ಎಂದು ಕೇಳಿದರೆ, ‘ಆಗ ನಾವು ಚಿಕ್ಕವರು, ಅದಕ್ಕೆ’ ಎಂದು ಹಲವರು ಹೇಳುತ್ತಾರೆ. ಉತ್ತರ ಸುಳ್ಳಲ್ಲ. ಆದರೆ ಆಗಿನ್ನೂ ಹುಟ್ಟಿರದವರಿಗೆ ಅದರಿಂದ ದಕ್ಕುವುದೇನೂ ಇಲ್ಲ. ಒಬ್ಬರ ಬಾಲ್ಯವನ್ನು ಇನ್ನೊಬ್ಬರಿಗೆ ಕಡ ಕೊಡಲಾಗದು. ಈ ಮೋಹಕ್ಕೆ ಇನ್ನೊಂದು ಕಾರಣವಿದೆ, ಅದು ಹೊಸಬರಿಗೂ ಸಿಗುವಂಥದ್ದು. ಈ ಯಂತ್ರಗಳ ಪರದೆಯ ಮೇಲೆ ಏನು ಕಂಡರೂ ಅದು ಯಾಕೆ ಹಾಗೆ ಕಂಡಿತು ಎಂಬುದನ್ನು ಪೆನ್ಸಿಲು ಹಿಡಿದು ಲೆಕ್ಕ ಹಾಕಿ ತಿಳಿಯಬಹುದು. ಕೈಯಲ್ಲಿರುವ ಫೋನಿನ ಬಗ್ಗೆ ಈ ಮಾತು ಹೇಳಲಾಗದು.

ಮಾತು ಸಾಕು, ಲೆಕ್ಕಕ್ಕೆ ಕೂರೋಣ. ಒಂದೇ ಯಂತ್ರ, ಅದರ ಪರದೆಯ ಒಂದೇ ಪುಟ್ಟ ಚೌಕ. ಒಂದು ಚೌಕುಳಿ ಹಾಳೆ ತೆಗೆದುಕೊಳ್ಳಿ.

ಯಂತ್ರ ಯಾವುದು?

ಹೆಸರು ಝಡ್‌ಎಕ್ಸ್ ಸ್ಪೆಕ್ಟ್ರಮ್. ಬ್ರಿಟನ್ನಿನ ಕೇಂಬ್ರಿಜ್‌ನಲ್ಲಿದ್ದ ಕ್ಲೈವ್ ಸಿಂಕ್ಲೇರ್ ಅವರ ಕಂಪನಿ 1982ರ ಏಪ್ರಿಲ್‌ನಲ್ಲಿ ಇದನ್ನು ಹೊರತಂದಿತು. 16 ಕಿಲೋಬೈಟ್ ಮೆಮೊರಿಯದಕ್ಕೆ 125 ಪೌಂಡ್, 48 ಕಿಲೋಬೈಟಿನದಕ್ಕೆ 175 ಪೌಂಡ್ ಬೆಲೆ. ಪುಟ್ಟ ಕಪ್ಪು ಡಬ್ಬಿ, ಮೇಲೆ ರಬ್ಬರ್ ಕೀಗಳು, ಅಷ್ಟೇ. ಪರದೆಯಾಗಿ ಮನೆಯ ಟಿವಿ, ಪ್ರೋಗ್ರಾಂ ಉಳಿಸಿಡಲು ಹಾಡು ಕೇಳುವ ಕ್ಯಾಸೆಟ್ ಪ್ಲೇಯರ್. ಇದರ ಮುಂದಿನ ಮಾದರಿಯಾದ ಸ್ಪೆಕ್ಟ್ರಮ್ ಪ್ಲಸ್ಸನ್ನು ಭಾರತದಲ್ಲಿ ಡೆಸಿಬೆಲ್ಸ್ ಎಲೆಕ್ಟ್ರಾನಿಕ್ಸ್ ಎಂಬ ಕಂಪನಿ ಪರವಾನಗಿ ಪಡೆದು ಮಾರುತ್ತಿತ್ತು.

48 ಕಿಲೋಬೈಟ್ ಎಂದರೆ 49,152 ಬೈಟ್. ಇಂದು ಫೋನಿನಲ್ಲಿ ತೆಗೆಯುವ ಒಂದು ಫೋಟೊಗೆ ಇದರ ಹತ್ತಾರು ಪಟ್ಟು ಜಾಗ ಬೇಕು. ಇಷ್ಟರಲ್ಲೇ ಆಟ, ಚಿತ್ರ, ಸದ್ದು ಎಲ್ಲವೂ ಹಿಡಿಯಬೇಕಿತ್ತು. ಈ ಸಂಖ್ಯೆ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಒಂದು ಚೌಕ, ಎಂಟು ಸಂಖ್ಯೆ

ಸ್ಪೆಕ್ಟ್ರಮ್ ಪರದೆಯಲ್ಲಿ ಅಡ್ಡಕ್ಕೆ 256, ಉದ್ದಕ್ಕೆ 192 ಚುಕ್ಕಿಗಳಿವೆ. ಇವನ್ನು ಎಂಟೆಂಟರಂತೆ ವಿಂಗಡಿಸಿದರೆ ಅಡ್ಡಕ್ಕೆ 32, ಉದ್ದಕ್ಕೆ 24, ಒಟ್ಟು 768 ಚೌಕಗಳು. ಒಂದು ಚೌಕಕ್ಕೆ ಒಂದು ಅಕ್ಷರ. ಕಸೂತಿಯವರು ಬಟ್ಟೆಯ ಎಳೆ ಎಣಿಸಿ ಹೊಲಿಗೆ ಹಾಕುವಂತೆ ಇಲ್ಲಿ ಚುಕ್ಕಿ ಎಣಿಸಿ ಅಕ್ಷರ ಮೂಡಿಸಬೇಕು.

ಹಾಳೆಯಲ್ಲಿ ಎಂಟು ಅಡ್ಡಸಾಲು, ಎಂಟು ಕಂಬಸಾಲಿನ ಒಂದು ಚೌಕ ಗುರುತಿಸಿ. ಕಂಬಸಾಲುಗಳ ನೆತ್ತಿಯ ಮೇಲೆ ಎಡದಿಂದ ಬಲಕ್ಕೆ 128, 64, 32, 16, 8, 4, 2, 1 ಎಂದು ಬರೆಯಿರಿ. ಈಗ ಒಳಗೆ ‘ಠ’ ಬಿಡಿಸೋಣ. ತುಂಬಿದ ಮನೆಗೆ 1, ಖಾಲಿ ಮನೆಗೆ 0:

01111110 = 126
00111100 = 60
01000010 = 66
10000001 = 129
10011001 = 153
10000001 = 129
01000010 = 66
00111100 = 60

ಬಲಗಡೆಯ ಸಂಖ್ಯೆ ಎಲ್ಲಿಂದ ಬಂತು? ಐದನೆಯ ಸಾಲು ನೋಡಿ. 1 ಇರುವ ಕಂಬಸಾಲುಗಳ ನೆತ್ತಿಯ ಮೇಲೆ 128, 16, 8, 1 ಇವೆ; ಕೂಡಿದರೆ 153. ಉಳಿದ ಸಾಲುಗಳನ್ನು ನೀವೇ ಕೂಡಿ ತಾಳೆ ನೋಡಿ. ಒಂದು ಸಾಲಿಗೆ ಒಂದು ಬೈಟ್, ಒಂದು ಅಕ್ಷರಕ್ಕೆ ಎಂಟು ಬೈಟ್. ಕಂಪ್ಯೂಟರಿನೊಳಗೆ ಅಕ್ಷರವೆಂದರೆ ಈ ಎಂಟು ಸಂಖ್ಯೆಗಳೇ.

ಹಾಳೆಯಿಂದ ಪರದೆಗೆ

ನಾವು ಬಿಡಿಸಿದ ಆಕಾರಗಳನ್ನು ಇಡಲೆಂದೇ ಸ್ಪೆಕ್ಟ್ರಮ್ ಮೆಮೊರಿಯ ಕಟ್ಟಕಡೆಯಲ್ಲಿ 21 ಅಕ್ಷರಗಳಷ್ಟು ಜಾಗ ಬಿಟ್ಟಿದ್ದರು. 48 ಕಿಲೋಬೈಟಿನ ಯಂತ್ರದಲ್ಲಿ ಆ ಜಾಗ 65368ನೆಯ ವಿಳಾಸದಿಂದ ಶುರುವಾಗುತ್ತದೆ.

ಹಳೆಯ ಯಂತ್ರ ಹುಡುಕಿಕೊಂಡು ಹೋಗಬೇಕಿಲ್ಲ. ಅದರಂತೆಯೇ ನಡೆದುಕೊಳ್ಳುವ ಎಮ್ಯುಲೇಟರ್ ತಂತ್ರಾಂಶಗಳಿವೆ. ‘ಫ್ಯೂಸ್’ ಅಂಥದ್ದೊಂದು, ಉಚಿತ. ಸ್ಪೆಕ್ಟ್ರಮ್ಮನ್ನು 1986ರಲ್ಲಿ ಕೊಂಡ ಆ್ಯಮ್‌ಸ್ಟ್ರಾಡ್ ಕಂಪನಿ, ಯಂತ್ರದ ಮೂಲ ತಂತ್ರಾಂಶವನ್ನು ಎಮ್ಯುಲೇಟರುಗಳ ಜೊತೆ ಹಂಚಲು 1999ರಲ್ಲಿ ಒಪ್ಪಿಗೆ ಕೊಟ್ಟಿತು. ಆಟಗಳ ಹಕ್ಕು ಮಾತ್ರ ಆಯಾ ಆಟದವರದು.

ಎಮ್ಯುಲೇಟರ್ ತೆರೆದು ‘ಓ’ ಕೀ ಒತ್ತಿ. ಮೆಮೊರಿಯ ಒಂದು ವಿಳಾಸದಲ್ಲಿ ಒಂದು ಸಂಖ್ಯೆಯನ್ನಿಡುವ ‘ಪೋಕ್’ ಎಂಬ ಆಜ್ಞೆ ಇಡಿಯಾಗಿ ಮೂಡುತ್ತದೆ. ಗಾಬರಿ ಬೇಡ, ಈ ಯಂತ್ರದಲ್ಲಿ ಒಂದು ಕೀಗೆ ಒಂದು ಪೂರ್ಣ ಆಜ್ಞೆ. ಮುಂದೆ 65368, ಅಲ್ಪವಿರಾಮ, 126 ಎಂದು ಬರೆದು ಎಂಟರ್ ಒತ್ತಿ. ಮತ್ತೆ ಪೋಕ್, 65369ಕ್ಕೆ 60. ಹೀಗೆ 65375ರವರೆಗೆ ಎಂಟೂ ಸಂಖ್ಯೆಗಳನ್ನು ತುಂಬಿ.

ಇನ್ನು ನೋಡುವುದು. ‘ಪಿ’ ಒತ್ತಿದರೆ ‘ಪ್ರಿಂಟ್’ ಬರುತ್ತದೆ. ಉದ್ಧರಣ ಚಿಹ್ನೆ ಹಾಕಿ, ಶಿಫ್ಟ್ ಜೊತೆ 9 ಒತ್ತಿ, ಬಳಿಕ ‘ಎ’. ಎ ಬದಲು ‘ಠ’ ಮೂಡುತ್ತದೆ. ಪುನಃ ಶಿಫ್ಟ್ ಮತ್ತು 9 ಒತ್ತಿ ಮಾಮೂಲು ಸ್ಥಿತಿಗೆ ಬಂದು, ಒಂದು ಅಡಿಗೆರೆ ಹಾಕಿ, ಅದೇ ಕ್ರಮದಲ್ಲಿ ಇನ್ನೊಂದು ‘ಠ’ ಸೇರಿಸಿ, ಮತ್ತೆ ಮಾಮೂಲು ಸ್ಥಿತಿಗೆ ಬಂದು, ಉದ್ಧರಣ ಮುಗಿಸಿ, ಎಂಟರ್ ಒತ್ತಿ: ಠ_ಠ. ಕನ್ನಡದ ಗಂಧವೂ ಇಲ್ಲದ ಲಕ್ಷಾಂತರ ಮಂದಿ ಇಂಟರ್ನೆಟ್ಟಿನಲ್ಲಿ ‘ಇದೆಂಥ ಮಾತು!’ ಎಂದು ದುರುಗುಟ್ಟಲು ಬಳಸಿದ ಮುಖವಿದು. 1982ರ ಯಂತ್ರದಿಂದ ನೀವೀಗ ಅದನ್ನೇ ಹೊರಡಿಸಿದ್ದೀರಿ.

ಹಾಗಾದರೆ ಇದರಲ್ಲಿ ಕನ್ನಡ ಬರೆಯಬಹುದಿತ್ತೇ ಎಂದು ಕೇಳುವಿರಿ. ಇರುವುದು 21 ಜಾಗ. ನಮ್ಮ ವರ್ಣಮಾಲೆಯಲ್ಲೇ 49 ಅಕ್ಷರ. ಜೊತೆಗೆ ಗುಣಿತ, ಒತ್ತಕ್ಷರ. ‘ಸ್ತ್ರೀ’ಯನ್ನು ಎಂಟರ ಚೌಕದಲ್ಲಿ ಕೂರಿಸಲು ಪ್ರಯತ್ನಿಸಿ ನೋಡಿ. ಇಂಗ್ಲಿಷಿನ ಅಳತೆಗೆ ಕತ್ತರಿಸಿದ ಚೌಕದಲ್ಲಿ ನಮ್ಮ ಲಿಪಿಗೆ ಎಷ್ಟು ಇಕ್ಕಟ್ಟು ಎಂಬುದು ಕೈಗೇ ತಿಳಿಯುತ್ತದೆ.

ಬಣ್ಣದ ಜಿಪುಣತನ

ಸ್ಪೆಕ್ಟ್ರಮ್ ಆಟಗಳಲ್ಲಿ ಒಂದು ವಿಚಿತ್ರ ಕಾಣುತ್ತದೆ. ಹಳದಿ ಬೊಂಬೆ ಹಸಿರು ಮರದ ಬಳಿ ಬಂದರೆ ಮರದ ತುಂಡೊಂದು ಹಳದಿಯಾಗಿಬಿಡುತ್ತದೆ. ಯಾಕೆ? ಲೆಕ್ಕ ಹಾಕೋಣ.

ಪರದೆಯ 256 × 192, ಅಂದರೆ 49,152 ಚುಕ್ಕಿಗಳಿಗೆ ಒಂದೊಂದಕ್ಕೂ 16ರಲ್ಲಿ ಒಂದು ಬಣ್ಣ ಆರಿಸುವ ಸ್ವಾತಂತ್ರ್ಯ ಕೊಟ್ಟರೆ 24,576 ಬೈಟ್ ಬೇಕು. 48 ಕಿಲೋಬೈಟಿನ ಸರಿ ಅರ್ಧ ಪರದೆಗೇ ಹೋಯಿತು. 16 ಕಿಲೋಬೈಟಿನ ಯಂತ್ರದಲ್ಲಂತೂ ಹಿಡಿಸುವುದೇ ಇಲ್ಲ. ಹಾಗಾಗಿ ಚುಕ್ಕಿ ಇದೆಯೇ ಇಲ್ಲವೇ ಎಂಬುದಕ್ಕೆ 6,144 ಬೈಟ್, ಬಣ್ಣಕ್ಕೆ ಚೌಕಕ್ಕೊಂದರಂತೆ 768 ಬೈಟ್, ಒಟ್ಟು 6,912 ಬೈಟಿನಲ್ಲಿ ಮುಗಿಸಿದರು. ಒಂದು ಚೌಕದಲ್ಲಿ ಎರಡೇ ಬಣ್ಣ: ಚುಕ್ಕಿಯದೊಂದು, ಹಿನ್ನೆಲೆಯದೊಂದು. ಮೂರನೆಯದು ಬಂದರೆ ಮೊದಲಿನದೊಂದು ಜಾಗ ಬಿಡಬೇಕು. ಬಣ್ಣಗಳ ಕಿತ್ತಾಟಕ್ಕೆ ಕಾರಣ ಇಷ್ಟೇ.

ಕೆಲವರು ಈ ಕೊರತೆಯನ್ನು ಚೆಂದವಾಗಿ ದಾಟಿದರು. 1984ರ ‘ನೈಟ್ ಲೋರ್’ ಆಟದಲ್ಲಿ ಒಂದು ಕೋಣೆಗೆ ಕಪ್ಪಿನ ಜೊತೆ ಒಂದೇ ಬಣ್ಣ. ಬಣ್ಣ ಬಿಟ್ಟುಕೊಟ್ಟು ಮೂಲೆ, ಆಳ, ಎತ್ತರವಿರುವ ಕೋಣೆಗಳನ್ನು ಕಟ್ಟಿದರು. ಅದರ ಚಿತ್ರ ಇಂದಿಗೂ ಹಳತೆನಿಸುವುದಿಲ್ಲ.

ಕಿರಿಚುವ ಕ್ಯಾಸೆಟ್

ಕ್ಯಾಸೆಟ್ಟಿನಲ್ಲಿ ಪ್ರೋಗ್ರಾಂ ಇರುವುದು ಸದ್ದಿನ ರೂಪದಲ್ಲಿ. 0ಗೆ ಚಿಕ್ಕ ಅಲೆ, 1ಕ್ಕೆ ಅದರ ಎರಡರಷ್ಟು ಉದ್ದದ ಅಲೆ. ಸೆಕೆಂಡಿಗೆ ಸುಮಾರು 1,500 ಅಲೆಗಳು ಬರುವುದರಿಂದ ನಮ್ಮ ಕಿವಿಗೆ ಅದು ಕಿರುಚಾಟ. ದೊಡ್ಡ ಆಟ ತುಂಬಿಕೊಳ್ಳಲು ನಾಲ್ಕೈದು ನಿಮಿಷ ಹಿಡಿಯುತ್ತಿತ್ತು. ಅಷ್ಟು ಹೊತ್ತೂ ಪರದೆಯ ಅಂಚಿನಲ್ಲಿ ನೀಲಿ, ಹಳದಿ ಪಟ್ಟೆಗಳು ಕುಣಿಯುತ್ತಿದ್ದವು. ಮೊದಲು ಕಪ್ಪುಬಿಳುಪಿನ ಚಿತ್ರ ಗೆರೆಗೆರೆಯಾಗಿ ಮೂಡುವುದು, ಅದು ಮುಗಿದ ಮೇಲೆ ಕೆಲವೇ ಸೆಕೆಂಡಿನಲ್ಲಿ ಬಣ್ಣ ಚೌಕಚೌಕವಾಗಿ ಮೆತ್ತಿಕೊಳ್ಳುವುದು. ಈಗ ನಿಮಗೆ ಕಾರಣ ಗೊತ್ತು: ಮೊದಲು ಬಂದದ್ದು 6,144 ಬೈಟ್, ಆಮೇಲಿನದು 768. ಎಮ್ಯುಲೇಟರಿನಲ್ಲಿ ವೇಗದ ಲೋಡಿಂಗ್ ಆಯ್ಕೆಯನ್ನು ಒಮ್ಮೆಯಾದರೂ ತೆಗೆದುಹಾಕಿ, ಇದನ್ನು ಪೂರ್ತಿ ನೋಡಿ.

ಮುಂದಿನ ಪಾಠ

1983ರಲ್ಲಿ ಮ್ಯಾಥ್ಯೂ ಸ್ಮಿತ್ ಬರೆದ ‘ಮ್ಯಾನಿಕ್ ಮೈನರ್’ ಆಟದಿಂದ ಶುರುಮಾಡಿ. ಇಪ್ಪತ್ತು ಗುಹೆಗಳು; ಒಂದೊಂದು ಗುಹೆಯೂ 32 ಚೌಕ ಅಗಲ, 16 ಚೌಕ ಎತ್ತರ. ಮೊದಲ ಗುಹೆಯಲ್ಲಿ ಸ್ವಲ್ಪ ನಿಂತು ನೆಲ, ಗೋಡೆ, ಗಿಡಗಳನ್ನು ನೋಡಿ. ಪ್ರತಿಯೊಂದೂ ಎಂಟು ಸಂಖ್ಯೆಗಳು, ಎರಡು ಬಣ್ಣ. ಒಂದು ಚೌಕವನ್ನು ಆರಿಸಿ ಹಾಳೆಗಿಳಿಸಿ, ಅದರ ಎಂಟು ಸಂಖ್ಯೆ ಕಂಡುಹಿಡಿಯಿರಿ. ಆಮೇಲೆ ನಿಮ್ಮ ಹೆಸರಿನ ಮೊದಲ ಅಕ್ಷರ ಬಿಡಿಸಿ. ‘ರ’, ‘ಗ’, ‘ಲ’ದವರಿಗೆ ಸುಲಭ, ‘ಶ್ರೀ’ ಇರುವವರು ಪಕ್ಕಪಕ್ಕದ ಎರಡು ಚೌಕ ತೆಗೆದುಕೊಳ್ಳಿ, ತಪ್ಪೇನಿಲ್ಲ.