ರಾಜೀನಾಮೆ ಕೊಡೋ ಮುಂಚೆ

ಪುಟ್ಟಾ, ಕಾಲೇಜಿನ ಕೆಲಸ ಬಿಟ್ಟು ಕಂಪನಿ ಶುರು ಮಾಡಬೇಕು ಅಂತಿದ್ದೀಯಂತೆ. ನಿನ್ನಮ್ಮ ಫೋನಿನಲ್ಲಿ ಗೋಳಾಡಿದಳು. “ಅಣ್ಣಾ, ನೀನಾದರೂ ಬುದ್ಧಿ ಹೇಳೋ, ಪರ್ಮನೆಂಟ್ ಕೆಲಸ ಅದು” ಅಂತ. ಬೇಡ ಅನ್ನೋದಕ್ಕೆ ನಾನು ಇದನ್ನ ಬರೀತಿಲ್ಲ. ತಲೆ ಮೇಲೆ ಮನೆ ಸಾಲ ಇಲ್ಲ, ಹೆಂಡತಿಗೂ ಕೆಲಸ ಇದೆ, ಬಿಡೋದಾದರೆ ಬಿಡು. ಆದರೆ ನೀನು ಮುಂದೆ ಇಟ್ಟುಕೊಂಡಿರೋ ಮಾದರಿ ಬಗ್ಗೆ ನನಗೆ ತಕರಾರಿದೆ. ಓದು ಅರ್ಧಕ್ಕೆ ಬಿಟ್ಟು ಕಾರ್ ಶೆಡ್ಡಿನಲ್ಲಿ ಕಂಪನಿ ಕಟ್ಟಿದ ಹುಡುಗರ ಕತೆ ನಿನ್ನಂಥ ಮೇಷ್ಟರಿಗೆ ಹೊಂದೋದಿಲ್ಲ. ನೀನು ಕೂತು ಓದಬೇಕಾದ್ದು ಆರೋಗ್ಯಸ್ವಾಮಿ ಪೌಲ್‌ರಾಜ್ ಅವರ ಕತೆ.

ಎಲೆಕ್ಟ್ರಾನಿಕ್ಸ್ ವಿಭಾಗದಲ್ಲಿದ್ದೀಯ, ಹೆಸರು ಕೇಳಿರ್ತೀಯ. ‘ಮೈಮೋ’ ಪಾಠ ಮಾಡುವಾಗ ಬೋರ್ಡಿನ ಮೇಲೆ ಬರೆದೂ ಇರ್ತೀಯ. ಆದರೆ ಆ ಮನುಷ್ಯ ಅಲ್ಲಿಗೆ ಬಂದ ದಾರಿ ನಮ್ಮ ಸಿಲಬಸ್ಸಿನಲ್ಲಿಲ್ಲ.

1944ರಲ್ಲಿ ಪೊಳ್ಳಾಚಿಯಲ್ಲಿ ಹುಟ್ಟಿದ್ದು. ಮೀಸೆ ಮೂಡೋ ವಯಸ್ಸಿಗೇ ಖಡಕ್‌ವಾಸ್ಲಾದ ಎನ್‌ಡಿಎ, ಅಲ್ಲಿಂದ ನೌಕಾಪಡೆ. ಪಡೆಯವರೇ ಓದೋದಕ್ಕೆ ದೆಹಲಿ ಐಐಟಿಗೆ ಕಳಿಸಿದರು. ಹೋಗಿದ್ದು ಎಂ.ಟೆಕ್‌ಗೆ, ಹೊರಬಂದದ್ದು 1973ರಲ್ಲಿ ಪಿಎಚ್.ಡಿ. ಹಿಡಿದು. ಈ ನಡುವೆ 1971ರ ಡಿಸೆಂಬರ್ 9ರ ರಾತ್ರಿ ದಿಯು ಕರಾವಳಿಯಾಚೆ ಪಾಕಿಸ್ತಾನದ ಜಲಾಂತರ್ಗಾಮಿಯೊಂದು ನಮ್ಮ ಐಎನ್ಎಸ್ ಖುಕ್ರಿಯನ್ನ ಮುಳುಗಿಸಿತು. 18 ಅಧಿಕಾರಿಗಳು, 176 ನಾವಿಕರು ಹೋದರು. ನೀರಿನಡಿಯ ಶತ್ರು ಸಾಕಷ್ಟು ದೂರದಲ್ಲಿರುವಾಗಲೇ ನಮ್ಮ ಸೋನಾರಿನ ಕಿವಿಗೆ ಬೀಳ್ತಿರಲಿಲ್ಲ. ಆ ಸೋನಾರನ್ನ ಸುಧಾರಿಸೋ ಕೆಲಸ ಪೌಲ್‌ರಾಜ್ ಹೆಗಲಿಗೆ ಬಿತ್ತು. ಮುಂದೆ ಕೊಚ್ಚಿಯ ನೌಕಾ ಪ್ರಯೋಗಾಲಯದಲ್ಲಿ ‘ಅಪ್ಸೋ’ ಅನ್ನೋ ಸ್ವದೇಶಿ ಸೋನಾರ್ ಅವರ ಮುಂದಾಳತ್ವದಲ್ಲೇ ತಯಾರಾಗಿ, 1983ರ ಹೊತ್ತಿಗೆ ಹಡಗು ಹತ್ತಿತು. ಅದನ್ನ ಕೈಯಾರೆ ತಯಾರಿಸಿದ್ದು ನಮ್ಮ ಬಿಇಎಲ್‌ನವರು.

ಇಲ್ಲಿ ಸ್ವಲ್ಪ ನಿಲ್ಲು. ಹಡಗಿನ ಹೊಟ್ಟೆಯಡಿ ಒಂದಲ್ಲ, ಸಾಲುಸಾಲು ಸಂವೇದಕಗಳು. ನೀರಿನಲ್ಲಿ ಸದ್ದು ನೇರವಾಗಿ ಬರೋದಿಲ್ಲ. ಮೇಲಿನ ಅಲೆಗೂ ತಳದ ಬಂಡೆಗೂ ಬಡಿದು ಹತ್ತು ದಾರಿ ಹಿಡಿದು ಬರುತ್ತೆ. ಎಲ್ಲಾ ಸಂವೇದಕಗಳಿಗೂ ಕಲಸುಮೇಲೋಗರವಾಗಿ ಬಂದದ್ದನ್ನ ಗಣಿತದಿಂದ ಬಿಡಿಸಿ, ಯಾವುದು ಎಲ್ಲಿಂದ ಬಂತು ಅಂತ ಹೇಳಬೇಕು. ವರ್ಷಾನುಗಟ್ಟಲೆ ಈ ಮನುಷ್ಯನ ಕಸುಬು ಇದೇ ಆಗಿತ್ತು.

ಆಮೇಲೆ ಸ್ಟ್ಯಾನ್‌ಫರ್ಡಿನಲ್ಲಿ ಥಾಮಸ್ ಕೈಲಾತ್ ಅವರ ಗುಂಪಿನ ಜೊತೆ ಕೆಲವು ವರ್ಷ. 1986ರಲ್ಲಿ ವಾಪಸು ಬಂದು ಬೆಂಗಳೂರಿನಲ್ಲಿ ಡಿಆರ್‌ಡಿಒದ ಕೃತಕ ಬುದ್ಧಿಮತ್ತೆ ಕೇಂದ್ರ ‘ಕೇರ್’ನ ಸ್ಥಾಪಕ ನಿರ್ದೇಶಕರಾದರು, ಬಿಇಎಲ್‌ನ ಕೇಂದ್ರ ಸಂಶೋಧನಾಲಯವನ್ನೂ ಕಟ್ಟಿಕೊಟ್ಟರು. ನಮ್ಮೂರಿನಲ್ಲಿ ಈಗ ಬೀದಿಗೊಂದು ಎಐ ಬೋರ್ಡು ನೋಡ್ತೀವಲ್ಲ, ಆ ಮಾತು ಆಗಲೇ ಇಲ್ಲಿ ಒಂದು ಸರ್ಕಾರಿ ಕಟ್ಟಡದೊಳಗೆ ನಡೀತಿತ್ತು.

1991ರಲ್ಲಿ ಕಮೊಡೋರ್ ಆಗಿ ನಿವೃತ್ತಿ. ವಯಸ್ಸು 47. ಪೆನ್ಷನ್ ಎಣಿಸಿಕೊಂಡು ಯಾವುದಾದರೂ ಕಂಪನಿಯ ಸಲಹೆಗಾರ ಕುರ್ಚಿ ಹಿಡಿಯೋ ವಯಸ್ಸು ಅದು. ಅವರು ಮತ್ತೆ ಸ್ಟ್ಯಾನ್‌ಫರ್ಡಿಗೆ ಹೋದರು. ಅದೂ ಪ್ರಾಧ್ಯಾಪಕರಾಗಿ ಅಲ್ಲ, ಸಂಶೋಧಕರಾಗಿ. ಸಂಸ್ಥೆಗಳನ್ನೇ ಕಟ್ಟಿದವರು ಮತ್ತೆ ಲ್ಯಾಬಿನ ಮೇಜಿಗೆ ಬಂದು ಕೂರೋದು ಸಣ್ಣ ವಿಷಯ ಅಲ್ಲ, ಗೊತ್ತಿರಲಿ. ನಿನ್ನ ಎಚ್‌ಓಡಿ ಹಾಗೆ ಕೂರ್ತಾರಾ, ಊಹಿಸಿ ನೋಡು.

ಅಲ್ಲಿ ಹೊಳೆದದ್ದೇ ಮೈಮೋ. ಅಲ್ಲೀತನಕ ರೇಡಿಯೋ ಎಂಜಿನಿಯರ್‌ಗಳಿಗೆ ಗೋಡೆ, ಕಟ್ಟಡ, ಬೆಟ್ಟಕ್ಕೆ ಬಡಿದು ಚದುರೋ ಅಲೆ ಅಂದರೆ ಪೀಡೆ. ಸಿಗ್ನಲ್ ಕೆಡಿಸುತ್ತೆ ಅಂತ ಬೈಕೊಂಡೇ ಅದನ್ನ ತಪ್ಪಿಸೋ ಉಪಾಯ ಹುಡುಕ್ತಿದ್ದರು. ಚದುರಿದಷ್ಟೂ ಒಳ್ಳೇದೇ ಅಂದರು ಪೌಲ್‌ರಾಜ್. ಒಂದೇ ತರಂಗಾಂತರದಲ್ಲಿ ಎರಡು ಆಂಟೆನಾದಿಂದ ಎರಡು ಬೇರೆ ಬೇರೆ ಮಾಹಿತಿ ಬಿಡು. ಆಕಡೆ ಎರಡು ಆಂಟೆನಾ ಇಡು. ಎರಡಕ್ಕೂ ಬರೋದು ಬೆರಕೆಯೇ, ಆದರೆ ದಾರಿ ಬೇರೆಯಾದ್ದರಿಂದ ಬೆರಕೆಯ ಪ್ರಮಾಣ ಬೇರೆ. ಎರಡು ಸಮೀಕರಣ, ಎರಡು ಅಜ್ಞಾತ. ನಿನ್ನ ಮೊದಲ ವರ್ಷದ ಹುಡುಗರೂ ಬಿಡಿಸ್ತಾರೆ. ಅಲೆ ಚದುರದೆ ನೆಟ್ಟಗೆ ಬಂದರೆ ಎರಡೂ ಹೆಚ್ಚುಕಡಿಮೆ ಒಂದೇ ಸಮೀಕರಣ ಆಗಿಬಿಡುತ್ತೆ, ಆಗ ಉತ್ತರ ಸಿಕ್ಕೋದಿಲ್ಲ. ಹೀಗೆ ಹೊಸ ತರಂಗಾಂತರ ಕೊಳ್ಳದೆಯೇ ಎರಡು ಪಟ್ಟು, ನಾಲ್ಕು ಪಟ್ಟು ಮಾಹಿತಿ ಸಾಗಿಸಬಹುದು. ಸೋನಾರಿನ ವಿದ್ಯೆಯೇ ಇದು, ನೀರಿನಿಂದ ಗಾಳಿಗೆ ಬಂತು ಅಷ್ಟೆ.

ನನ್ನ ಮೊದಲ ಪ್ರಶ್ನೆ ಇಲ್ಲೇ ಇರೋದು. ನೀನು ಹೊತ್ತುಕೊಂಡು ಹೋಗ್ತಿರೋ ಕಸುಬು ಯಾವುದು? ಮೋಟಾರ್ ಡ್ರೈವ್‌ಗಳ ಮೇಲೆ ಪಿಎಚ್.ಡಿ. ಮಾಡಿದವನು ನೀನು, ಕಂಪನಿ ಮಾತ್ರ ಚಾಟ್‌ಬಾಟ್‌ದು ಅಂತೀಯ. ಎಲ್ಲರೂ ಅದನ್ನೇ ಮಾಡ್ತಿದ್ದಾರೆ ಅನ್ನೋದು ಕಾರಣ ಆಗೋದಿಲ್ಲ ಕಣೋ. ಪೀಣ್ಯದ ಯಾವುದಾದರೂ ಸಣ್ಣ ಕಾರ್ಖಾನೆಯೊಳಗೆ ಹೋಗಿ ವಾರ ನಿಂತುಕೋ. ಸುಟ್ಟ ಮೋಟಾರುಗಳನ್ನ ಎಣಿಸು. ವೈಂಡಿಂಗ್ ಅಂಗಡಿಯವನು ನಿನ್ನ ಥೀಸಿಸ್ ಪರೀಕ್ಷಕರಿಗಿಂತ ಒಳ್ಳೆ ಪ್ರಶ್ನೆ ಕೇಳ್ತಾನೆ.

ಎರಡನೇದು ಕಾಲದ ಲೆಕ್ಕ. ಪೌಲ್‌ರಾಜ್ ಅವರೂ ಕೈಲಾತ್ ಅವರೂ ಪೇಟೆಂಟಿಗೆ ಅರ್ಜಿ ಹಾಕಿದ್ದು 1992ರಲ್ಲಿ, ಸಿಕ್ಕಿದ್ದು 1994ರಲ್ಲಿ. ಉದ್ಯಮದವರು ನಂಬಲಿಲ್ಲ. 1996ರಿಂದಾಚೆ ಬೆಲ್ ಲ್ಯಾಬ್ಸಿನವರೂ ಈ ದಾರಿಯಲ್ಲೇ ಬಂದ ಮೇಲೆ ಗಾಳಿ ಸ್ವಲ್ಪ ತಿರುಗಿತು. ಕೊನೆಗೆ ತಾವೇ ಐಯೋಸ್ಪಾನ್ ವೈರ್‌ಲೆಸ್ ಅನ್ನೋ ಕಂಪನಿ ಕಟ್ಟಿ ನಿಜವಾದ ಉಪಕರಣ ಮಾಡಿ ತೋರಿಸಿದರು. ಆ ಹೊತ್ತಿಗೆ ಅಮೆರಿಕದ ಟೆಲಿಕಾಂ ಪೇಟೆ ಮಕಾಡೆ ಬಿತ್ತು. 2003ರಲ್ಲಿ ಇಂಟೆಲ್ ಅದನ್ನ ಕೊಂಡಿತು. ಅವರು ಮನೆಗೆ ಹೋಗಿ ಕೂತರಾ? ಬೀಸೀಮ್ ಅಂತ ಇನ್ನೊಂದು ಶುರು ಮಾಡಿದರು, ವೈಮ್ಯಾಕ್ಸ್ ಚಿಪ್ಪುಗಳದ್ದು; ಅದಕ್ಕೆ ಬೆಂಗಳೂರಿನಲ್ಲೂ ಕಚೇರಿ ಇತ್ತು. 2010ರಲ್ಲಿ ಬ್ರಾಡ್‌ಕಾಮ್ ಅದನ್ನ ಕೊಂಡಿತು. ಮೈಮೋ ಇರೋ 802.11ಎನ್ ವೈಫೈ ಮಾನದಂಡ ಅಧಿಕೃತವಾದದ್ದು 2009ರಲ್ಲಿ. 4ಜಿ ಹರಡಿದ್ದು ಅದರ ನಂತರ. ಅರ್ಜಿ ಹಾಕಿದ ದಿನದಿಂದ ಲೆಕ್ಕ ಹಾಕಿದರೆ 17 ವರ್ಷ. ಪೇಟೆಂಟಿನ ಆಯಸ್ಸೇ ಹೆಚ್ಚುಕಡಿಮೆ 20 ವರ್ಷ! ಬೆಳೆ ಕಟಾವಿಗೆ ಬರೋ ಹೊತ್ತಿಗೆ ಗುತ್ತಿಗೆ ಮುಗೀತಾ ಬಂದ ಹಾಗೆ. ಪೇಟೆಂಟ್ ಒಂದಿದ್ದರೆ ಹೂಡಿಕೆದಾರರು ಕ್ಯೂ ನಿಲ್ತಾರೆ ಅಂತ ನೀನು ಅಮ್ಮನಿಗೆ ಹೇಳಿದ್ದೀಯಲ್ಲ, ಈ ತಾರೀಕುಗಳನ್ನೂ ಹೇಳು.

ಕಾದರೂ ಫಲ ಸಿಗದೇ ಹೋಗಬಹುದು. ಬೆಂಗಳೂರಿನ ಸಿಂಪ್ಯೂಟರ್ ನೆನಪಿದೆಯಾ? ನೀನು ಆಗ ಸಣ್ಣವನು. ವಿಜ್ಞಾನ ಸಂಸ್ಥೆಯ ಮೇಷ್ಟರುಗಳೂ ಒಂದು ಸಾಫ್ಟ್‌ವೇರ್ ಕಂಪನಿಯವರೂ ಸೇರಿ ಬಡವರಿಗೊಂದು ಅಂಗೈ ಕಂಪ್ಯೂಟರ್ ಅಂತ ಹೊರಟರು. 2004ರಲ್ಲಿ ‘ಅಮಿಡಾ’ ಅನ್ನೋ ಹೆಸರಿನಲ್ಲಿ ಬಿಇಎಲ್‌ನಲ್ಲೇ ತಯಾರಾಗಿ ಬಂತು. ಬುದ್ಧಿವಂತಿಕೆಯಲ್ಲಿ ಕೊರತೆ ಇರಲಿಲ್ಲ. ಪೇಟೆ ಹಿಡೀಲಿಲ್ಲ, ಮೊಬೈಲು ಬಂದು ಆ ಜಾಗ ತುಂಬಿಕೊಂಡಿತು. ಅದನ್ನ ಮಾಡಿದವರು ಹಾಳಾಗಲಿಲ್ಲ, ಊರೂ ಹಾಳಾಗಲಿಲ್ಲ. ಹಾಗಾಗಿ ಸೋಲಿನ ಹೆದರಿಕೆ ಹಾಕೋದು ನನ್ನ ಉದ್ದೇಶ ಅಲ್ಲ.

ಇನ್ನೊಂದು ಗಮನಿಸು. ಎರಡು ಕಂಪನಿಯಲ್ಲೂ ಪೌಲ್‌ರಾಜ್ ಹೊತ್ತದ್ದು ತಾಂತ್ರಿಕ ಹೊಣೆ. ದುಡ್ಡು, ಗಿರಾಕಿ, ಕರಾರುಗಳ ಚುಕ್ಕಾಣಿ ಬೇರೆಯವರ ಕೈಯಲ್ಲಿತ್ತು. ಸ್ಟ್ಯಾನ್‌ಫರ್ಡಿನ ನಂಟನ್ನೂ ಅವರು ಕಡಿದುಕೊಳ್ಳಲಿಲ್ಲ. ನಡುವೆ ತಮ್ಮ ವಿದ್ಯಾರ್ಥಿಗಳ ಜೊತೆ ಪಠ್ಯಪುಸ್ತಕವನ್ನೂ ಬರೆದರು. ನಿನಗೆ ಜಿಎಸ್‌ಟಿ ರಿಟರ್ನ್ ಅಂದರೆ ತಲೆನೋವು, ಸಾಲ ಕೊಟ್ಟವನ ಹತ್ತಿರ ವಾಪಸು ಕೇಳೋಕೂ ಸಂಕೋಚ. ಎಂಡಿ ಅಂತ ವಿಸಿಟಿಂಗ್ ಕಾರ್ಡ್ ಮಾಡಿಸೋ ಮುಂಚೆ ಲೆಕ್ಕ ಬಲ್ಲ ಪಾಲುದಾರನ್ನ ಹುಡುಕು. ಸೋದರಮಾವನ ಮಗ ಅನ್ನೋ ಕಾರಣಕ್ಕೆ ನನ್ನ ಮಗನ್ನ ಮಾತ್ರ ಸೇರಿಸಿಕೊಳ್ಳಬೇಡ, ಅವನು ನಿನಗಿಂತ ಸಂಕೋಚದವನು.

ಕೊನೇದಾಗಿ ಒಂದು ಕಾಗದದ ವಿಷಯ. ಆ 1994ರ ಪೇಟೆಂಟಿನ ಒಡೆತನ ಪೌಲ್‌ರಾಜ್ ಹೆಸರಿನಲ್ಲಿರಲಿಲ್ಲ, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಹೆಸರಿನಲ್ಲಿತ್ತು. ಲ್ಯಾಬು, ಸಂಬಳ ಅವರದ್ದಾದರೆ ಆವಿಷ್ಕಾರಕ್ಕೂ ಅವರೇ ಹಕ್ಕುದಾರರು ಅನ್ನೋ ಷರತ್ತು ಬಹಳ ಕಡೆ ಇರುತ್ತೆ. ಕೆಲಸಕ್ಕೆ ಸೇರುವಾಗ ನೀನು ಸಹಿ ಹಾಕಿದ ಪತ್ರ ಎಲ್ಲಿದೆ? ಅದರಲ್ಲಿ ಈ ಬಗ್ಗೆ ಏನಿದೆ, ರಜೆ ಮೇಲೆ ಕಂಪನಿ ಮಾಡೋಕೆ ಅವಕಾಶ ಇದೆಯಾ, ಬಿಟ್ಟ ಮೇಲೆ ಕಾಲೇಜಿನ ಲ್ಯಾಬ್ ಬಳಸಬಹುದಾ, ಇಷ್ಟನ್ನ ರಿಜಿಸ್ಟ್ರಾರ್ ಕಚೇರಿಯಲ್ಲಿ ಬಾಯಿಮಾತಲ್ಲ, ಬರಹದಲ್ಲಿ ಕೇಳಿ ತಿಳ್ಕೋ. ಭಾನುವಾರ ಊಟಕ್ಕೆ ಬರುವಾಗ ಆ ಪತ್ರದ ಜೆರಾಕ್ಸ್ ತಾ, ಇಬ್ಬರೂ ಕೂತು ಓದೋಣ. ಅಮ್ಮನಿಗೆ ನಾನು ಫೋನ್ ಮಾಡ್ತೀನಿ.