ತಾನಾಗಿ ಉರಿಯುವ ದೀಪ ಮತ್ತು ಚಾಲಕನ ಹೊಣೆ

ಇಂದಿನ ಅನೇಕ ಕಾರುಗಳಲ್ಲಿ ಕತ್ತಲಾದೊಡನೆ ಹೆಡ್‌ಲೈಟ್ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಮುಂಭಾಗದ ಗಾಜಿನ ಬಳಿ ಅಳವಡಿಸಿದ ಪುಟ್ಟ ಸಂವೇದಕವು ಹೊರಗಿನ ಬೆಳಕು ನಿಗದಿತ ಮಟ್ಟಕ್ಕಿಂತ ಕಡಿಮೆಯಾದುದನ್ನು ಗುರುತಿಸಿ ದೀಪಗಳನ್ನು ಬೆಳಗಿಸುತ್ತದೆ. ಇದು ಉಪಯುಕ್ತ ಸೌಲಭ್ಯವೇ ಸರಿ. ಆದರೆ ಇದಕ್ಕೆ ಮಿತಿಯುಂಟು.

ಸಂವೇದಕವು ಅಳೆಯುವುದು ಬೆಳಕಿನ ಪ್ರಮಾಣವನ್ನು. ರಸ್ತೆ ಎಷ್ಟು ದೂರ ಕಾಣುತ್ತದೆ ಎಂಬುದನ್ನಲ್ಲ. ದೆಹಲಿಯ ಚಳಿಗಾಲದ ಬೆಳಗಿನ ದಟ್ಟ ಮಂಜಿನಲ್ಲಾಗಲಿ, ಮುಂಬಯಿ-ಪುಣೆ ನಡುವಿನ ಖಂಡಾಲಾ ಘಾಟಿಯ ಹಗಲು ಮಳೆಯಲ್ಲಾಗಲಿ ಎದುರಿನ ವಾಹನ ಕಾಣದಿದ್ದರೂ ಸುತ್ತಲೂ ಬೆಳಕಿರುತ್ತದೆ. ಆಗ ದೀಪ ಉರಿಯದೆ ಹೋಗಬಹುದು.

ಹಗಲಿನಲ್ಲಿ ಕಾರಿನ ಮುಂದೆ ಸದಾ ಉರಿಯುವ ಸಣ್ಣ ದೀಪಗಳೂ ತಪ್ಪು ಭರವಸೆ ನೀಡುತ್ತವೆ. ಅನೇಕ ಕಾರುಗಳಲ್ಲಿ ಅವುಗಳೊಡನೆ ಹಿಂಬದಿಯ ಕೆಂಪು ದೀಪ ಉರಿಯುವುದಿಲ್ಲ. ಹಿಂದಿನಿಂದ ಬರುವ ಲಾರಿಯ ಚಾಲಕನಿಗೆ ಕಾರು ತೀರ ಸಮೀಪಿಸುವವರೆಗೂ ಕಾಣಿಸದು.

1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ರಾತ್ರಿಯಲ್ಲಷ್ಟೇ ಅಲ್ಲ, ಸಾಕಷ್ಟು ಬೆಳಕಿಲ್ಲದ ಯಾವುದೇ ಸಮಯದಲ್ಲೂ ದೀಪ ಉರಿಯುತ್ತಿರಬೇಕು. ಆದುದರಿಂದ ಚಾಲಕರು ಗಮನಿಸಬೇಕಾದ ಅಂಶಗಳಿವು:

1. ಮಂಜು, ಮಳೆ, ಧೂಳು ಕವಿದಾಗ ಹೆಡ್‌ಲೈಟನ್ನು ತಾವೇ ಹಚ್ಚಬೇಕು.
2. ಮಂಜಿನಲ್ಲಿ ಹೈ ಬೀಮ್ ಬಳಸಬಾರದು; ಅದರ ಬೆಳಕು ಹನಿಗಳಿಗೆ ತಾಗಿ ಕಣ್ಣಿಗೇ ಹಿಂದಿರುಗುತ್ತದೆ. ಲೋ ಬೀಮ್ ಸಾಕು.
3. ಸಂವೇದಕದ ಮುಂದಿನ ಗಾಜನ್ನು ಶುಚಿಯಾಗಿಡಬೇಕು.
4. ಪ್ರಯಾಣಕ್ಕೆ ಮೊದಲು ಕೆಳಗಿಳಿದು ಹಿಂಬದಿಯ ದೀಪಗಳನ್ನು ಪರೀಕ್ಷಿಸಬೇಕು.

ಯಂತ್ರವು ಚಾಲಕನಿಗೆ ನೆರವಾಗಬಲ್ಲದು; ಅವನ ಕಣ್ಣಿಗೆ ಬದಲಿಯಾಗಲಾರದು.